ಒಂದೇ ಪಂಕ್ತಿಯಲ್ಲಿ ಬಿಸಿ ಸ್ಯಾಂಡ್‌ವಿಚ್

ಬ್ರೆಡ್ಡೆಂದರೆ ಜ್ವರ ಎಂಬ ಭಾವನೆ ನಮ್ಮ ಪೀಳಿಗೆಯವರಲ್ಲಿ ಬಹುಕಾಲ ಉಳಿದಿತ್ತು. ನಾವು ಚಿಕ್ಕವರಿದ್ದಾಗ ಹಳ್ಳಿಯ ಮನೆಗಳಿಗೆ ಬ್ರೆಡ್ಡು ಬರುತ್ತಿದ್ದುದು ಎರಡೇ ಸಂದರ್ಭಗಳಲ್ಲಿ: ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಾಗ, ಇಲ್ಲವೆ ತಾಲೂಕಿನ ಆಸ್ಪತ್ರೆಯಲ್ಲಿದ್ದ ಬಂಧುಗಳನ್ನು ನೋಡಲು ಹೊರಟಾಗ. ಮಠದ ವಿದ್ಯಾರ್ಥಿನಿಲಯದಲ್ಲಿ ನಾವು ಕಳೆದ ಹತ್ತು ವರ್ಷಗಳಲ್ಲಿಯೂ ಇದೇ ಪದ್ಧತಿ. ಜ್ವರ ಬಂದ ಹುಡುಗನಿಗೆ ಬಿಸಿ ಹಾಲಿನಲ್ಲಿ ಅದ್ದಿದ ಎರಡು ತುಂಡು ಬ್ರೆಡ್ಡು. ಉಳಿದವರಿಗೆ ಜೋಳದ ರೊಟ್ಟಿ, ಪಲ್ಯ, ಅನ್ನ, ಸಾರು. ಅಂತಹ ನಾವು ಅರವತ್ತು ದಾಟಿದ ಮೇಲೆ, ಮೈಯಲ್ಲಿ ಯಾವ ಜ್ವರವೂ ಇಲ್ಲದೆ, ಒಂದು ಶನಿವಾರ ಸಂಜೆ ಒಲೆಯ ಮುಂದೆ ನಿಂತು ಬ್ರೆಡ್ಡಿಗೆ ಬೆಣ್ಣೆ ಸವರುವ ಪ್ರಸಂಗ ಒದಗಿತು. ಅದು ಒದಗಿದ ಬಗೆ, ಅದರಿಂದ ನಾವು ಕಲಿತ ಪಾಠ ಇವನ್ನು ಬಂಧುಗಳ ಮುಂದಿಡಬೇಕೆನಿಸಿದೆ. ಇದರಲ್ಲಿ ನಮ್ಮ ತಪ್ಪಿನ ಒಪ್ಪಿಗೆಯೂ ಇದೆ.

ನಮ್ಮ ಮನೆಯಲ್ಲಿ ಮಗ, ಸೊಸೆ, ಹದಿನಾಲ್ಕರ ಮೊಮ್ಮಗ, ಒಂಬತ್ತರ ಮೊಮ್ಮಗಳು ಇದ್ದಾರೆ. ಮಗ ದಿನವೂ ಧಾರವಾಡದಿಂದ ಹುಬ್ಬಳ್ಳಿಗೆ ಹೋಗಿ ಬರುತ್ತಾನೆ. ಸೊಸೆ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ಅಡುಗೆಯ ಭಾರವೆಲ್ಲ ನಮ್ಮ ಮನೆಯವರದೇ. ರೊಟ್ಟಿ ಬಡಿಯುವ ಸಪ್ಪಳದಿಂದಲೇ ನಮಗೆ ಸಂಜೆಯಾಯಿತೆಂದು ತಿಳಿಯುತ್ತಿತ್ತು. ಇಷ್ಟಾದರೂ ವಾರಕ್ಕೊಮ್ಮೆ ಮೊಮ್ಮಕ್ಕಳು ಬ್ರೆಡ್ಡು, ಚೀಸ್ ಎಂದು ಹಟ ಹಿಡಿಯುತ್ತಿದ್ದರು. ಆಗ ಸೊಸೆ ಅವರಿಗೆ ಬಿಸಿ ಸ್ಯಾಂಡ್‌ವಿಚ್ ಮಾಡಿಕೊಡುತ್ತಿದ್ದಳು. ಆದರೆ ಅಡುಗೆಮನೆಯಲ್ಲಲ್ಲ, ಹಿತ್ತಲ ಪಡಸಾಲೆಯಲ್ಲಿಟ್ಟಿದ್ದ ಸಣ್ಣ ಒಲೆಯ ಮೇಲೆ, ಬೇರೆಯೇ ಹಂಚಿನಲ್ಲಿ. ಮಕ್ಕಳು ಅಲ್ಲಿಯೇ ಕುಳಿತು ಬೇರೆಯೇ ತಾಟಿನಲ್ಲಿ ತಿನ್ನುತ್ತಿದ್ದರು. ಆ ಹಂಚು, ಆ ತಾಟುಗಳು ಒಳಗೆ ಬರುವಂತಿರಲಿಲ್ಲ.

ಈ ಕಟ್ಟಳೆಯನ್ನು ಮಾಡಿದವರು ನಾವೇ. ಹಲವು ವರ್ಷಗಳ ಹಿಂದೆ ಒಂದು ಸಮಾರಂಭದಲ್ಲಿ ಭಾಷಣಕಾರರೊಬ್ಬರು, ಚೀಸನ್ನು ಕರುವಿನ ಹೊಟ್ಟೆಯೊಳಗಿನ ಪದಾರ್ಥ ಹಾಕಿ ಹೆಪ್ಪುಗಟ್ಟಿಸುತ್ತಾರೆಂದು ಹೇಳಿದರು. ಕೇಳಿದೊಡನೆ ನಮ್ಮ ಮನಸ್ಸು ಹೇಸಿತು. ಮನೆಗೆ ಬಂದವರೇ, ಆ ಪದಾರ್ಥ ನಮ್ಮ ಅಡುಗೆಮನೆಯನ್ನು ಪ್ರವೇಶಿಸಬಾರದೆಂದು ಹೇಳಿಬಿಟ್ಟೆವು. ಸೊಸೆ ಎದುರು ಮಾತಾಡಲಿಲ್ಲ. ಮಕ್ಕಳ ಬಾಯಿಚಪಲವನ್ನೂ ಮಾವನ ಮಾತನ್ನೂ ಒಟ್ಟಿಗೆ ಉಳಿಸಿಕೊಳ್ಳಲು ಹಿತ್ತಲಿನ ಒಲೆಯನ್ನು ಹೂಡಿದಳು. ನಾವು ಅದನ್ನು ಕಂಡೂ ಕಾಣದಂತಿದ್ದೆವು. ನಮ್ಮ ಉದಾರತೆಯೆಂದೇ ಭಾವಿಸಿದ್ದೆವು.

ಕಳೆದ ವರ್ಷ ನಮ್ಮ ಮನೆಯವರು ಮಗಳ ಬಾಣಂತನಕ್ಕೆಂದು ಬೆಳಗಾವಿಗೆ ಹೋದರು. ಮೂರು ತಿಂಗಳು ಬರುವಂತಿರಲಿಲ್ಲ. ಸೊಸೆ ನಸುಕಿನಲ್ಲೆದ್ದು ಅಡುಗೆ ಮಾಡಿಟ್ಟು, ಸಂಜೆ ಏಳೂವರೆಗೆ ಬಂದು ಮತ್ತೆ ಒಲೆ ಹೊತ್ತಿಸುತ್ತಿದ್ದಳು. ನಮಗಾಗಿ ಒಳಗೆ ರೊಟ್ಟಿ, ಮಕ್ಕಳಿಗಾಗಿ ಒಮ್ಮೊಮ್ಮೆ ಹೊರಗೆ ಸ್ಯಾಂಡ್‌ವಿಚ್. ಒಂದು ಬುಧವಾರ ರಾತ್ರಿ ನಾವು ಒಬ್ಬರೇ ಊಟಕ್ಕೆ ಕುಳಿತಿದ್ದಾಗ ಮೊಮ್ಮಗಳು ಬಂದು ಬಾಗಿಲಲ್ಲಿ ನಿಂತಳು.

“ಅಜ್ಜಾ, ನಾವು ತಿನ್ನೂದು ಹೊಲಸೇನು?”

“ಯಾರು ಹಂಗಂದ್ರವ್ವಾ?”

“ಯಾರೂ ಅಂದಿಲ್ಲ. ಮತ್ತ ಆ ಹಂಚು ಹೊರಗ ಯಾಕ ಇಡತಾರ?”

ಬಾಯೊಳಗಿನ ತುತ್ತು ಅಲ್ಲಿಯೇ ನಿಂತಿತು. ನಮಗೆ ಮಠದ ಒಂದು ಮಧ್ಯಾಹ್ನ ನೆನಪಾಯಿತು. ಅನುಕೂಲಸ್ಥರ ಮನೆಯ ಹುಡುಗನೊಬ್ಬ ಊರಿನಿಂದ ಬರುವಾಗ ತುಪ್ಪದ ಡಬ್ಬಿ ತಂದಿದ್ದ. ಪಂಕ್ತಿಯಲ್ಲಿ ಕುಳಿತು ತನ್ನ ಅನ್ನಕ್ಕಷ್ಟೇ ತುಪ್ಪ ಹಾಕಿಕೊಳ್ಳುತ್ತಿದ್ದ. ಬಡಿಸುತ್ತ ಬಂದ ಹಿರಿಯ ಅಡುಗೆಯವರು ಆ ಡಬ್ಬಿಯನ್ನೆತ್ತಿಕೊಂಡು, “ಎಲ್ಲಾರಿಗೂ ಬಂದ್ರ ಬಡಸೋಣು, ಬರಲಿಲ್ಲಂದ್ರ ಮುಚ್ಚಿಡೋಣು” ಎಂದು ಇಡೀ ಸಾಲಿಗೆ ಹನಿಹನಿಯಾಗಿ ಬಡಿಸಿಬಿಟ್ಟರು. ಪಂಕ್ತಿಭೇದ ಎಂಬ ಮಾತಿನ ಅರ್ಥ ನಮಗೆ ತಿಳಿದದ್ದು ಅಂದು, ಗ್ರಂಥದಿಂದಲ್ಲ, ಆ ಹನಿ ತುಪ್ಪದಿಂದ. ಅದನ್ನು ಎಷ್ಟೋ ಸಭೆಗಳಲ್ಲಿ ಹೇಳಿದ್ದೇವೆ. ಆದರೆ ನಮ್ಮ ಮನೆಯಲ್ಲಿಯೇ ವರ್ಷಾನುಗಟ್ಟಲೆ ಎರಡು ಪಂಕ್ತಿಗಳು ನಡೆಯುತ್ತಿದ್ದವು. ಭೇದ ಮಾಡಿದವರು ನಾವು. ಹೊರಗೆ ಕುಳಿತವರು ಮಕ್ಕಳು.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ನಾವು ಹಳೆಯ ಓಲೆಗರಿಗಳ ಪಾಠವನ್ನು ಪರಿಶೋಧಿಸುತ್ತ ಬದುಕು ಕಳೆದವರು. ಒಂದು ಶಬ್ದದ ಪಾಠಾಂತರವನ್ನು ನಿರ್ಣಯಿಸಲು ನಾಲ್ಕಾರು ಪ್ರತಿಗಳನ್ನು ತರಿಸಿ ನೋಡುತ್ತಿದ್ದೆವು. ಒಂದೇ ಪ್ರತಿಯನ್ನು ನಂಬಿದವರನ್ನು ಕಂಡರೆ ನಗುತ್ತಿದ್ದೆವು. ಆದರೆ ಮನೆಯ ಮಕ್ಕಳ ತಾಟನ್ನು ಹೊರಗಿಡಲು ನಮಗೆ ಒಬ್ಬ ಭಾಷಣಕಾರರ ಒಂದು ಮಾತು ಸಾಕಾಗಿತ್ತು.

ಮರುದಿನ ಬೆಳಗ್ಗೆ ನಮ್ಮ ಬೀದಿಯಲ್ಲಿಯೇ ಇರುವ ಗೆಳೆಯರ ಮನೆಗೆ ಹೋದೆವು. ಅವರು ಹೈನು ವಿಜ್ಞಾನವನ್ನು ಬೋಧಿಸಿ ನಿವೃತ್ತರಾದವರು. ನಮ್ಮ ಸಂಶಯವನ್ನು ಕೇಳಿ ಅವರು ನಗಲಿಲ್ಲ. ನಿಮ್ಮ ಹೆದರಿಕೆ ನಿರಾಧಾರವಲ್ಲ ಎಂದೇ ಆರಂಭಿಸಿದರು.

ಅವರಿಂದ ತಿಳಿದದ್ದು ಇಷ್ಟು. ಹಾಲನ್ನು ಗಟ್ಟಿಮಾಡುವ ಮಾರ್ಗಗಳು ಹಲವು. ಮೊಸರು ಹೆಪ್ಪಿನಿಂದಾಗುತ್ತದೆ. ಪನೀರು, ಕಾದ ಹಾಲಿಗೆ ನಿಂಬೆರಸದಂತಹ ಹುಳಿ ಬಿದ್ದಾಗ ಒಡೆದು ಆಗುತ್ತದೆ. ನಮ್ಮ ಗಿಣ್ಣು ಈದ ಹಸುವಿನ ಮೊದಲ ಹಾಲು. ಅದು ಬೆಲ್ಲ ಏಲಕ್ಕಿಯೊಡನೆ ಬೇಯುವಾಗ ಕಾವಿನಿಂದಲೇ ಗಟ್ಟಿಯಾಗುತ್ತದೆ. ನಿಘಂಟುಗಳು ಚೀಸ್ ಎಂಬುದಕ್ಕೆ ಗಿಣ್ಣು ಎಂದು ಅರ್ಥ ಕೊಡುವುದುಂಟು. ಆದರೆ ಎರಡರ ಹುಟ್ಟೂ ಬೇರೆ. ಚೀಸಿಗೆ ಬೇಕಾದುದು ರೆನೆಟ್ ಎಂಬ ದ್ರವ್ಯ. ಹಾಲು ಕುಡಿಯುವ ಎಳೆಗರುವಿನ ನಾಲ್ಕನೆಯ ಜಠರದಲ್ಲಿ ಹಾಲನ್ನು ಗಟ್ಟಿಗೊಳಿಸುವ ಕಿಣ್ವವೊಂದಿರುತ್ತದೆ. ಯುರೋಪಿನಲ್ಲಿ ಶತಮಾನಗಳ ಕಾಲ ಸತ್ತ ಕರುವಿನ ಜಠರದಿಂದಲೇ ಅದನ್ನು ತೆಗೆಯುತ್ತಿದ್ದರು. 1874ರಲ್ಲಿ ಡೆನ್ಮಾರ್ಕಿನ ಕ್ರಿಶ್ಚಿಯನ್ ಹ್ಯಾನ್ಸನ್ ಎಂಬುವರು ಅದರ ಸಾರವನ್ನು ಒಂದೇ ಪ್ರಮಾಣದ ಶಕ್ತಿಯುಳ್ಳದ್ದಾಗಿ ತಯಾರಿಸಿ ಮಾರತೊಡಗಿದರು. ಆದ್ದರಿಂದ ಭಾಷಣಕಾರರು ಹೇಳಿದ್ದು ಸುಳ್ಳಾಗಿರಲಿಲ್ಲ. ಅದು ಅರ್ಧ ಸತ್ಯವಾಗಿತ್ತು.

ಉಳಿದರ್ಧ ಹೀಗಿದೆ. ಹಾಲನ್ನು ಹಾಗೆಯೇ ಗಟ್ಟಿಗೊಳಿಸುವ ಕಿಣ್ವಗಳನ್ನು ಕೆಲವು ಜಾತಿಯ ಶಿಲೀಂಧ್ರಗಳಿಂದ, ಎಂದರೆ ಬೂಷ್ಟಿನ ಬಳಗಕ್ಕೆ ಸೇರಿದ ಸೂಕ್ಷ್ಮ ಜೀವಿಗಳಿಂದ, ಪಡೆಯುವ ವಿಧಾನ ಬಹಳ ಹಿಂದೆಯೇ ಬಳಕೆಗೆ ಬಂದಿದೆ. ಸೂಕ್ಷ್ಮಜೀವಿಗಳಿಂದಲೇ ಕರುವಿನ ಕಿಣ್ವದಂತಹುದನ್ನು ಹುದುಗಿಸಿ ತೆಗೆಯುವ ಕ್ರಮಕ್ಕೆ 1990ರಲ್ಲಿ ಅಮೆರಿಕ ಒಪ್ಪಿಗೆ ನೀಡಿತು. ಹಾಗೆಂದು ಎಲ್ಲ ಚೀಸೂ ನಿರಾತಂಕವೆಂದಲ್ಲ. ಇಟಲಿಯ ಪಾರ್ಮಿಜಾನೊ ರೆಜ್ಜಾನೊ ಎಂಬ ಪ್ರಸಿದ್ಧ ಚೀಸಿಗೆ ಕರುವಿನ ರೆನೆಟ್ಟನ್ನೇ ಬಳಸಬೇಕೆಂಬ ನಿಯಮ ಇಂದಿಗೂ ಇದೆ. ನಮ್ಮ ದೇಶದಲ್ಲಿ ಪೊಟ್ಟಣದ ಆಹಾರಕ್ಕೆ ಸಸ್ಯಾಹಾರ, ಮಾಂಸಾಹಾರಗಳ ಗುರುತು ಹಾಕಬೇಕೆಂಬ ನಿಯಮ 2001ರಲ್ಲಿ ಬಂದಿತು. ಹಸಿರು ಚೌಕದೊಳಗೆ ಹಸಿರು ಬೊಟ್ಟಿದ್ದರೆ ಸಸ್ಯಾಹಾರ. ಮಾಂಸಾಹಾರಕ್ಕೆ ಮೊದಲು ಕಂದು ಬಣ್ಣದ ಬೊಟ್ಟಿತ್ತು. 2020ರ ನಿಯಮಾವಳಿಯ ಮೇರೆಗೆ ಅದು ಕಂದು ತ್ರಿಕೋನವಾಗಿದೆ.

ಮನೆಗೆ ಬಂದು ಚೀಸಿನ ಪೊಟ್ಟಣವನ್ನು ಹುಡುಕಿದೆವು. ಓಲೆಗರಿ ಓದುವ ಭೂತಗನ್ನಡಿಯನ್ನೇ ಹಿಡಿದು ನೋಡಿದೆವು. ಅದು ಗುಜರಾತಿನ ಆಣಂದದ ಸಹಕಾರಿ ಹೈನುಗಾರರ ಅಮೂಲ್ ಚೀಸ್. ಹಸಿರು ಬೊಟ್ಟು ಅಲ್ಲಿಯೇ ಇತ್ತು. ಸೂಕ್ಷ್ಮಜೀವಿಗಳಿಂದ ಪಡೆದ ರೆನೆಟ್ಟನ್ನು ಬಳಸುವುದಾಗಿ ಆ ಸಂಸ್ಥೆಯೇ ತಿಳಿಸಿದೆಯೆಂದು ಗೆಳೆಯರು ಹೇಳಿದ್ದರು. ಇಷ್ಟು ವರ್ಷ ನಮ್ಮ ಹಿತ್ತಲಲ್ಲಿದ್ದ ಪೊಟ್ಟಣವನ್ನು ನಾವು ಒಮ್ಮೆಯೂ ಕೈಯಲ್ಲಿ ಹಿಡಿದು ಓದಿರಲಿಲ್ಲ.

ತಪ್ಪು ತಿಳಿದ ಮೇಲೆ ಬಾಯಿಮಾತಿನಿಂದ ತಿದ್ದಿಕೊಳ್ಳುವುದು ಸುಲಭ. ಶನಿವಾರದ ರಾತ್ರಿಯೂಟವನ್ನು ನಾವೇ ಮಾಡಬೇಕೆಂದು ನಿಶ್ಚಯಿಸಿದೆವು. ಅದೂ ಸ್ಯಾಂಡ್‌ವಿಚ್ಚನ್ನೇ, ಒಳಗಿನ ಒಲೆಯ ಮೇಲೆಯೇ. ಮಠದಲ್ಲಿ ಸರತಿಯ ಮೇಲೆ ಕಾಯಿಪಲ್ಲೆ ಹೆಚ್ಚಿದ್ದುಂಟು, ಅಂಬಲಿ ಕಲಕಿದ್ದುಂಟು. ಆಮೇಲೆ ನಲವತ್ತು ವರ್ಷ ಒಲೆಯ ಮುಂದೆ ನಿಂತವರಲ್ಲ. ಮೊಮ್ಮಕ್ಕಳನ್ನೇ ಗುರುಗಳನ್ನಾಗಿ ಮಾಡಿಕೊಂಡೆವು.

ಮೊದಲ ಪ್ರಯತ್ನ ಕೆಟ್ಟಿತು. ಚೀಸನ್ನು ದಪ್ಪ ಹೋಳುಗಳಾಗಿ ಕೊಯ್ದು ಎರಡು ಬ್ರೆಡ್ಡುಗಳ ನಡುವೆ ಇಟ್ಟು, ರೊಟ್ಟಿಗೆ ಮಾಡುವಂತೆ ಉರಿ ದೊಡ್ಡದು ಮಾಡಿದೆವು. ನಿಮಿಷದೊಳಗೆ ಬ್ರೆಡ್ಡು ಕರ್ರಗಾಯಿತು. ಒಳಗಿನ ಚೀಸ್ ಇಟ್ಟಂತೆಯೇ ಗಟ್ಟಿಯಾಗಿತ್ತು. ಮೊಮ್ಮಗಳು ನಕ್ಕಳು. ಅಷ್ಟರಲ್ಲಿ ಸೊಸೆ ಕೆಲಸದಿಂದ ಬಂದಳು. ಅಡುಗೆಮನೆಯ ಬಾಗಿಲಲ್ಲಿ ನಿಂತವಳು, ಒಳಗಿನ ಒಲೆಯ ಮೇಲೆ ಹಿತ್ತಲಿನ ಹಂಚನ್ನು ಕಂಡು ಒಂದು ಕ್ಷಣ ಮಾತಾಡಲಿಲ್ಲ.

“ಮಾವಾರ, ನೀವ್ಯಾಕ ಒಲಿ ಮುಂದ ನಿಂತೀರಿ? ಸರೀರಿ, ನಾ ಮಾಡತೀನಿ.”

“ಬ್ಯಾಡವ್ವಾ, ನೀ ಕೂತು ಹೇಳು. ನಾವು ಮಾಡತೀವಿ.”

ಅವಳು ಹೇಳಿದಂತೆ ಮಾಡಿದ ಕ್ರಮವನ್ನು ಬರೆಯುತ್ತೇವೆ. ಐದು ಜನರ ರಾತ್ರಿಯೂಟಕ್ಕೆ 400 ಗ್ರಾಮಿನ ಒಂದು ಬ್ರೆಡ್ಡು ಸಾಕು. ಏಳೆಂಟು ಸ್ಯಾಂಡ್‌ವಿಚ್ ಆಗುತ್ತವೆ. ಅಂದಿನದಕ್ಕಿಂತ ಹಿಂದಿನ ದಿನದ ಬ್ರೆಡ್ಡು ಒಳ್ಳೆಯದು. ಸವರುವಾಗ ಹರಿಯುವುದಿಲ್ಲ, ಚೆನ್ನಾಗಿ ಗರಿಯಾಗುತ್ತದೆ. ನಾಲ್ಕು ಮಧ್ಯಮ ಗಾತ್ರದ ಆಲೂಗಡ್ಡೆಗಳನ್ನು ಬೇಯಿಸಿ ಹಿಸುಕಬೇಕು. ಸಣ್ಣಗೆ ಹೆಚ್ಚಿದ ಒಂದು ಉಳ್ಳಾಗಡ್ಡೆ, ಒಂದು ದೊಣ್ಣೆಮೆಣಸಿನಕಾಯಿ ಇವನ್ನು ಜೀರಿಗೆಯ ಒಗ್ಗರಣೆಯಲ್ಲಿ ಬಾಡಿಸಿ ಆಲೂಗಡ್ಡೆಗೆ ಕಲಸಬೇಕು. ಉಪ್ಪನ್ನು ಕೈ ಹಿಡಿದು ಹಾಕಬೇಕು, ಏಕೆಂದರೆ ಚೀಸಿನಲ್ಲಿಯೇ ಸಾಕಷ್ಟು ಉಪ್ಪಿರುತ್ತದೆ. ಕೊತ್ತಂಬರಿ, ಪುದೀನ, ಹಸಿಮೆಣಸಿನಕಾಯಿ, ನಿಂಬೆರಸ ಸೇರಿಸಿ ಗಟ್ಟಿಯಾಗಿ ಚಟ್ನಿ ಅರೆಯಬೇಕು; ನೀರಾದರೆ ಬ್ರೆಡ್ಡು ನೆನೆದು ಮೆತ್ತಗಾಗುತ್ತದೆ. ಈ ಕಾರಣಕ್ಕಾಗಿಯೇ ಮೊದಲು ಬ್ರೆಡ್ಡಿನ ಒಳಮೈಗೆ ತೆಳ್ಳಗೆ ಬೆಣ್ಣೆ ಸವರಿ, ಅದರ ಮೇಲೆ ಚಟ್ನಿ ಹಚ್ಚುವುದು. ಬೆಣ್ಣೆಯ ಜಿಡ್ಡು ನೀರನ್ನು ತಡೆಯುತ್ತದೆ.

ಚೀಸ್ 200 ಗ್ರಾಂ. ಅದನ್ನು ತುರಿಮಣೆಯಲ್ಲಿ ತುರಿದುಕೊಳ್ಳಬೇಕು. ತುರಿ ಬೇಗ ಕರಗುತ್ತದೆ, ಹೋಳು ಕರಗುವುದಿಲ್ಲ. ನಮ್ಮ ಮೊದಲ ತಪ್ಪು ಅದೇ. ಪಲ್ಯದ ಕೆಳಗೊಂದು ಪದರ, ಮೇಲೊಂದು ಪದರ ತುರಿ ಹರಡಿದರೆ ಅದು ಕರಗಿ ಎರಡೂ ಬ್ರೆಡ್ಡುಗಳನ್ನು ಪಲ್ಯಕ್ಕೆ ಅಂಟಿಸುತ್ತದೆ. ಕಚ್ಚಿದಾಗ ಒಳಗಿನದು ಉದುರುವುದಿಲ್ಲ. ಚೀಸಿನ ಬದಲು ಪನೀರು ಹಾಕಬಾರದೇ ಎಂದು ನಾವು ಕೇಳಿದೆವು. ಹಾಕಬಹುದು, ರುಚಿಯಾಗಿಯೂ ಇರುತ್ತದೆ, ಆದರೆ ಹುಳಿಯಿಂದ ಒಡೆದ ಪನೀರು ಎಷ್ಟು ಕಾಸಿದರೂ ಕೆಂಪಾದೀತೇ ಹೊರತು ಕರಗದು ಎಂದಳು. ಆ ಎಳೆ ಎಳೆಯಾಗಿ ಬರುವ ಗುಣ ರೆನೆಟ್ಟಿನಿಂದಾದ ಚೀಸಿನದು.

ಇನ್ನು ಉರಿ. ಬ್ರೆಡ್ಡಿನ ಮೈಯೆಲ್ಲ ಗಾಳಿಯ ಗೂಡು. ಕಾವು ಅದರ ಮೂಲಕ ನಿಧಾನವಾಗಿ ಒಳಗೆ ಹೋಗುತ್ತದೆ. ಆದ್ದರಿಂದ ಉರಿ ಸಣ್ಣದಿರಬೇಕು. ಹಂಚು ಹದವಾಗಿ ಕಾದ ಮೇಲೆ ಸ್ಯಾಂಡ್‌ವಿಚ್ಚಿನ ಹೊರಮೈಗೆ ಬೆಣ್ಣೆ ಸವರಿ ಇಟ್ಟು, ಮೇಲೆ ಮುಚ್ಚಳ ಮುಚ್ಚಬೇಕು. ಮುಚ್ಚಳದೊಳಗಿನ ಬಿಸಿಯೇ ಚೀಸನ್ನು ಕರಗಿಸುತ್ತದೆ. ಎರಡು ಮೂರು ನಿಮಿಷದ ಮೇಲೆ ಹೊರಳಿಸಿ, ದೋಸೆ ಮಗುಚುವ ಕೈಯಿಂದ ಮೆಲ್ಲಗೆ ಒತ್ತಿ, ಈ ಬಾರಿ ಮುಚ್ಚದೆ ಗರಿಯಾಗಲು ಬಿಡಬೇಕು. ಹೊಂಬಣ್ಣ ಬಂದು ಅಂಚಿನಲ್ಲಿ ಚೀಸ್ ಇಣುಕಿದರೆ ಆಯಿತೆಂದು ತಿಳಿಯಬೇಕು.

ನಮ್ಮ ಕೊಡುಗೆಯೂ ಒಂದಿತ್ತು. ಎರಡನೆಯ ಸರದಿಯ ಸ್ಯಾಂಡ್‌ವಿಚ್ಚುಗಳಿಗೆ ಪಲ್ಯದ ಮೇಲೆ ಒಂದು ಚಮಚ ಶೇಂಗಾ ಹಿಂಡಿ ಉದುರಿಸಿದೆವು. ಮೊಮ್ಮಗ ಮೊದಲು ಮುಖ ಸಿಂಡರಿಸಿ, ತಿಂದ ಮೇಲೆ ಇನ್ನೊಂದು ಕೇಳಿದ. ಈಗ ನಮ್ಮ ಮನೆಯಲ್ಲಿ ಅದೇ ರೂಢಿಯಾಗಿದೆ.

ಮಗನೂ ಬಂದ ಮೇಲೆ ಐವರೂ ಅಡುಗೆಮನೆಯಲ್ಲಿಯೇ ಸಾಲಾಗಿ ಕುಳಿತೆವು. ತಾಟುಗಳು ಬೆರೆತುಹೋಗಿದ್ದವು; ಯಾವುದು ಒಳಗಿನದು, ಯಾವುದು ಹೊರಗಿನದು ಎಂದು ಯಾರೂ ಕೇಳಲಿಲ್ಲ. ಸ್ಯಾಂಡ್‌ವಿಚ್ ಎಂಬ ಹೆಸರು ಎಲ್ಲಿಂದ ಬಂತೆಂದು ಮೊಮ್ಮಗಳು ಕೇಳಿದಳು. ಅದು ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಒಂದು ಊರಿನ ಹೆಸರು. ಆ ಊರಿನ ಹೆಸರನ್ನೇ ಬಿರುದಾಗಿ ಪಡೆದಿದ್ದ ಜಾನ್ ಮಾಂಟೆಗ್ಯು ಎಂಬ ಸರದಾರನಿಂದ ತಿನಿಸಿಗೆ ಈ ಹೆಸರು ಬಂದಿತೆನ್ನುತ್ತಾರೆ. ಆತ ಜೂಜಿನ ಮೇಜನ್ನು ಬಿಟ್ಟೇಳಲು ಮನಸ್ಸಿಲ್ಲದೆ ಎರಡು ಬ್ರೆಡ್ಡುಗಳ ನಡುವೆ ಆಹಾರವನ್ನಿಟ್ಟು ತರಿಸಿಕೊಂಡನೆಂಬುದು ಕಥೆ. 1762ರಲ್ಲಿ ಇತಿಹಾಸಕಾರ ಎಡ್ವರ್ಡ್ ಗಿಬ್ಬನ್ ತನ್ನ ದಿನಚರಿಯಲ್ಲಿ ಈ ಹೆಸರನ್ನು ಬಳಸಿದ್ದಾನೆ. “ಅಂದ್ರ ಊಟಕ್ಕ ಏಳಬಾರದಂತ ಮಾಡಿದ್ದೇನು ಇದು?” ಎಂದು ಮೊಮ್ಮಗ ಕೇಳಿದ. ಹೌದು, ನಮ್ಮಲ್ಲಿ ಮಾತ್ರ ಇದೇ ಎಲ್ಲರನ್ನೂ ಊಟಕ್ಕೆ ಕೂಡಿಸಿತು ಎಂದೆವು.

ಊಟ ಮುಗಿದು ಮಕ್ಕಳು ಎದ್ದ ಮೇಲೆ ನಾವು ಸೊಸೆಗೆ ಹಸಿರು ಬೊಟ್ಟಿನ ವಿಷಯವನ್ನು ಹೇಳಿ, ನಮ್ಮಿಂದ ತಪ್ಪಾಯಿತೆಂದೆವು. ಅವಳು ತಲೆ ತಗ್ಗಿಸಿ, “ನನಗ ಗೊತ್ತಿತ್ತರಿ ಮಾವಾರ” ಎಂದಳು. ಮೊದಲ ವರ್ಷವೇ ಪೊಟ್ಟಣವನ್ನು ಅತ್ತೆಗೆ ತೋರಿಸಿದ್ದಳಂತೆ. “ಅವರು, ಖರೇ ಐತಿ ಬಿಡು, ಆದ್ರ ನಿಮ್ಮ ಮಾವಾರಿಗೆ ಹೇಳಾವರ್‍ಯಾರು ಅಂದ್ರು” ಎಂದಳು.

ಚೀಸಿನ ವಿಷಯದಲ್ಲಿ ನಾವು ತಪ್ಪಿದ್ದಕ್ಕಿಂತ ಈ ಮಾತು ನಮ್ಮನ್ನು ಹೆಚ್ಚು ನೋಯಿಸಿತು. ಮನೆಯ ಇಬ್ಬರು ಹೆಣ್ಣುಮಕ್ಕಳಿಗೆ ಸತ್ಯ ತಿಳಿದಿತ್ತು. ಅದನ್ನು ನಮಗೆ ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಹೇಳಿದರೆ ನಾವು ಕೇಳುವವರೆಂಬ ನಂಬಿಕೆಯೂ ಇರಲಿಲ್ಲ. ಅವರ ಮೌನವನ್ನು ನಾವು ಗೌರವವೆಂದು ಎಣಿಸಿದ್ದೆವು. ಕಡೆಗೆ ಕೇಳಿದವಳು ಇನ್ನೂ ಹೆದರಲು ಕಲಿಯದ ಒಂಬತ್ತು ವರ್ಷದ ಕೂಸು.

ಬಂಧುಗಳು ಇದನ್ನೋದಿ ದಿನವೂ ಚೀಸ್ ತಿನ್ನಬೇಕೆಂದು ತಿಳಿಯಬಾರದು. ಅದರಲ್ಲಿ ಉಪ್ಪೂ ಜಿಡ್ಡೂ ಹೆಚ್ಚು; ನಮ್ಮ ವಯಸ್ಸಿನವರು ಒಂದಕ್ಕೆ ನಿಲ್ಲಿಸಿ, ಜೊತೆಗೆ ಸೌತೆಕಾಯಿ, ಗಜ್ಜರಿ, ಮಜ್ಜಿಗೆ ಇಟ್ಟುಕೊಳ್ಳುವುದು ಹಿತ. ಜೋಳದ ರೊಟ್ಟಿಯ ಸ್ಥಾನವನ್ನು ಯಾವ ಬ್ರೆಡ್ಡೂ ತೆಗೆದುಕೊಳ್ಳಲಾರದು. ಚೀಸ್ ಕೊಳ್ಳುವಾಗ ಗುರುತನ್ನು ನೋಡಿಯೇ ಕೊಳ್ಳಬೇಕು. ಪರದೇಶದಲ್ಲಿರುವ ಮಕ್ಕಳಿದ್ದರೆ ಅಲ್ಲಿಯ ಪೊಟ್ಟಣಗಳ ಮೇಲೆ ರೆನೆಟ್ ಯಾವ ಮೂಲದ್ದೆಂದು ಓದಲು ಹೇಳಬೇಕು. ಆಹಾರದಲ್ಲಿ ನಿಷ್ಠೆ ಇರಲಿ. ಆದರೆ ನಿಷ್ಠೆಗೆ ವಿಚಾರಣೆಯ ಬೆಂಬಲವಿರಲಿ. ಮನೆಯಲ್ಲಿ ಯಾರ ತಾಟನ್ನಾದರೂ ಹೊರಗಿಡುವ ಮೊದಲು ಹಿರಿಯರಾದವರು ಒಮ್ಮೆ ಪೊಟ್ಟಣವನ್ನು ತಿರುಗಿಸಿ ಓದಲಿ, ಮನೆಯವರನ್ನು ಕೇಳಲಿ.

ಮೂರು ತಿಂಗಳ ಮೇಲೆ ನಮ್ಮ ಮನೆಯವರು ಬೆಳಗಾವಿಯಿಂದ ಬಂದರು. ಅಡುಗೆಮನೆಯ ಮೊಳೆಗೆ ರೊಟ್ಟಿಯ ಹಂಚಿನ ಪಕ್ಕದಲ್ಲಿ ತೂಗುಹಾಕಿದ್ದ ಹಂಚನ್ನು ಕಂಡು, “ಇದು ಒಳಗ ಬಂತೇನು?” ಎಂದಷ್ಟೇ ಕೇಳಿದರು. ಹೌದೆಂದೆವು. ಅದನ್ನು ಇಳಿಸಿ, ಒರೆಸಿ, ಮತ್ತೆ ಅಲ್ಲಿಯೇ ತೂಗುಹಾಕಿದರು. ಅಂದಿನಿಂದ ಶನಿವಾರದ ರಾತ್ರಿ ಅವರಿಗೂ ಸೊಸೆಗೂ ಒಲೆಯಿಂದ ಬಿಡುವು. ಆ ಸರತಿ ನಮ್ಮದು.